ರಾತ್ರಿ ಒಂದು ಮಾತ್ರೆ, ಎಲ್ಲಿಯವರೆಗೆ? ಕೇರ್ ಹೋಮ್‌ನಲ್ಲಿರುವ ಮರೆವಿನ ಹಿರಿಯರ ಮಾತ್ರೆಗಳ ಲೆಕ್ಕ

ಅಜ್ಜಿಗೆ ಎಂಬತ್ತೊಂದು. ಕೇರ್ ಹೋಮ್‌ಗೆ ಬಂದು ಮೂರು ವಾರವಾಗಿತ್ತು. ನೈಟ್ ಡ್ಯೂಟಿಯ ರಿಜಿಸ್ಟರಿನಲ್ಲಿ ದಿನಾ ಒಂದೇ ಸಾಲು: 'ರಾತ್ರಿ 3:30ಕ್ಕೆ ಎದ್ದರು. ನಿದ್ದೆ ಇಲ್ಲ. ಬಾಗಿಲು ತೆಗೀರಿ ಅಂತ ಗಲಾಟೆ.' ರೌಂಡ್ಸ್‌ಗೆ ಬಂದ ಡಾಕ್ಟರು ಅದನ್ನು ಓದಿ ಕ್ವೆಟಿಯಾಪಿನ್ 25, 0-0-1 (ರಾತ್ರಿ ಮಾತ್ರ ಒಂದು) ಎಂದು ಬರೆದರು. ಹದಿನೈದು ದಿನಕ್ಕೆ ಅದು 50 ಆಯಿತು. ಅಲ್ಲಿಂದ ಮುಂದೆ ಬೆಳಗಿನ ತಿಂಡಿಗೆ ಕೂತರೆ ಅಜ್ಜಿಯ ತಲೆ ಉಪ್ಪಿಟ್ಟಿನ ತಟ್ಟೆಯ ಕಡೆಗೆ ವಾಲುತ್ತಿತ್ತು.

ಆ ರಿಜಿಸ್ಟರ್ ಬರೆದವರಲ್ಲಿ ನಾನೂ ಒಬ್ಬಳು. ನಮ್ಮಲ್ಲಿ ರಾತ್ರಿ ಊಟ ಆರೂವರೆಗೆ, ದೀಪ ಆರಿಸುವುದು ಏಳೂವರೆಗೆ. ಏಳೂವರೆಗೆ ಮಲಗಿದವರು ಮೂರೂವರೆಗೆ ಎದ್ದರೆ ಎಂಟು ಗಂಟೆ ನಿದ್ದೆ ಆದಂತೆ. ಈ ಸಣ್ಣ ಲೆಕ್ಕ ಡಾಕ್ಟರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಭಾನುವಾರ ನೋಡಲು ಬಂದ ಸೊಸೆ ಕೇಳಿದರು: 'ಸಿಸ್ಟರ್, ನಮ್ಮತ್ತೆ ಮದುವೆಯಾಗಿ ಬಂದಾಗಿಂದ ನಾಲ್ಕಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿದವರು. ನೀವು ಏಳೂವರೆಗೇ ಮಲಗಿಸಿಬಿಟ್ಟರೆ ಇನ್ನೆಷ್ಟು ನಿದ್ದೆ ಮಾಡ್ಬೇಕು ಅವ್ರು?'

ಅಂಥ ಸೊಸೆಯರಿಗಾಗಿ, ಮಕ್ಕಳಿಗಾಗಿ, ಕೇರ್ ಹೋಮ್‌ಗಳಲ್ಲಿ ಮಾತ್ರೆ ಟ್ರೇ ಹಿಡಿದು ಓಡಾಡುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಕರಾರು ಮಾತ್ರೆಗಳ ಮೇಲಲ್ಲ. ಯಾಕೆ ಕೊಡುತ್ತಿದ್ದೇವೆ, ಎಂದಿನವರೆಗೆ ಕೊಡುತ್ತೇವೆ ಎಂಬೆರಡೂ ಬರೆದಿರದ ಮಾತ್ರೆಯ ಮೇಲೆ. ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ: ಇದನ್ನು ಓದಿ ನಾಳೆ ಬೆಳಿಗ್ಗೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕೆಲವನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರುತ್ತದೆ.

ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ 88 ಲಕ್ಷ ಜನರಿಗೆ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಕಾಯಿಲೆ ಮುಂದುವರಿದಂತೆ ಸಿಟ್ಟು, ಸಂಶಯ, ಅಲೆದಾಟ, ಇಲ್ಲದ್ದು ಕಾಣುವುದು ಇವುಗಳಲ್ಲಿ ಒಂದಲ್ಲ ಒಂದು ಹೆಚ್ಚಿನವರಿಗೆ ಬರುತ್ತದೆ. ಆಗ ಚೀಟಿಗೆ ಏರುವುದು ರಿಸ್ಪೆರಿಡೋನ್, ಕ್ವೆಟಿಯಾಪಿನ್, ಓಲಾಂಜಪಿನ್, ಹ್ಯಾಲೊಪೆರಿಡಾಲ್ ಥರದ ಆಂಟಿಸೈಕೋಟಿಕ್, ಅಂದರೆ ತೀವ್ರ ಮನೋರೋಗಕ್ಕೆ ಕೊಡುವ ಮಾತ್ರೆಗಳು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರ ಏಪ್ರಿಲ್‌ನಲ್ಲಿ ಇವುಗಳ ಹೊಸ ತಲೆಮಾರಿನ ಔಷಧಿಗಳ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಡಿಮೆನ್ಷಿಯಾ ಇರುವ ಹಿರಿಯರ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಸುಮಾರು ಹತ್ತು ವಾರಗಳಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 4.5 ಮಂದಿ ತೀರಿಕೊಂಡಿದ್ದರು. ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ 2.6. ಹೆಚ್ಚಿನ ಸಾವು ಹೃದಯದ ತೊಂದರೆಯಿಂದ, ಇಲ್ಲವೇ ನ್ಯುಮೋನಿಯಾದಂಥ ಸೋಂಕಿನಿಂದ. 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯ ಮಾತ್ರೆಗಳಿಗೂ ಅದೇ ಎಚ್ಚರಿಕೆ ಬಂತು. ಮರುವರ್ಷ ಬ್ರಿಟನ್ ಸರ್ಕಾರಕ್ಕೆ ಸಲ್ಲಿಸಿದ ವರದಿಯೊಂದು ಅಲ್ಲಿ ಇವನ್ನು ತೆಗೆದುಕೊಳ್ಳುತ್ತಿದ್ದ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳಲ್ಲಿ ನಿಜಕ್ಕೂ ಉಪಯೋಗ ಆಗುತ್ತಿರುವುದು 36,000 ಜನರಿಗೆ ಇರಬಹುದು, ವರ್ಷಕ್ಕೆ 1,800 ಹೆಚ್ಚುವರಿ ಸಾವು ಆಗುತ್ತಿರಬಹುದು ಎಂದು ಲೆಕ್ಕ ಹಾಕಿತು.

ಈ ಅಂಕಿಗಳನ್ನು ಹೆದರಿಸಲು ಕೊಡುತ್ತಿಲ್ಲ. ಐವರಲ್ಲಿ ಒಬ್ಬರಿಗೆ ಇವು ಬೇಕಾಗಿಯೇ ಇದ್ದವು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಆ ಒಬ್ಬರು ಯಾರು ಎಂದು ಹುಡುಕುವುದೇ ಕೆಲಸ.

ಮೊದಲ ಹೆಜ್ಜೆ: ಎಲ್ಲ ಮಾತ್ರೆಯನ್ನೂ ಒಂದೇ ಹಾಳೆಗೆ ತನ್ನಿ

ಒಂದು ನೋಟ್‌ಬುಕ್ ಹಾಳೆ ಸಾಕು. ಆರು ಕಾಲಂ ಎಳೆಯಿರಿ. ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ, ಯಾವ ಹೊತ್ತಿಗೆ, ಬರೆದವರು ಯಾರು, ಎಂದಿನಿಂದ, ಯಾವುದಕ್ಕೆ, ಮತ್ತೆ ನೋಡುವ ದಿನ. ಮೊದಲ ನಾಲ್ಕು ಕಾಲಂ ಸಲೀಸಾಗಿ ತುಂಬುತ್ತವೆ. ನಮ್ಮ ಅಜ್ಜಿಯ ಹಾಳೆಯ ಒಂದು ಸಾಲು ಹೀಗಿತ್ತು:

ಕ್ವೆಟಿಯಾಪಿನ್ 50 / 0-0-1 / ಹೋಮ್‌ಗೆ ಬರುವ ಡಾಕ್ಟರು / ಜೂನ್ 12 / ___ / ___

ಆ ಎರಡು ಖಾಲಿ ಜಾಗ ನೋಡಿಕೊಳ್ಳಿ. 'ನಿದ್ದೆಗೆ' ಎಂದು ಯಾರೋ ತುಂಬಿಸಬಹುದು. ಆದರೆ ಬರೀ ನಿದ್ದೆಗಾಗಿ ಹಿರಿಯರಿಗೆ ಕ್ವೆಟಿಯಾಪಿನ್ ಕೊಡುವುದನ್ನು ಡಿಮೆನ್ಷಿಯಾದ ಯಾವ ಒಳ್ಳೆಯ ಮಾರ್ಗಸೂಚಿಯೂ ಒಪ್ಪುವುದಿಲ್ಲ.

ಹೆಸರು ಬರೆದುಕೊಳ್ಳುವಾಗ ಸ್ಟ್ರಿಪ್ಪಿನ ಮೇಲಿನ ದೊಡ್ಡಕ್ಷರ ನೋಡಬೇಡಿ, ಅದರ ಕೆಳಗಿನ ಚಿಕ್ಕಕ್ಷರ ಓದಿ. ಕನ್ನಡಕ ಸಾಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ನಮ್ಮಲ್ಲಿ ಒಂದೇ ಔಷಧಿ ನೂರಾರು ಕಂಪನಿ ಹೆಸರಿನಲ್ಲಿ ಬರುತ್ತದೆ. ನರರೋಗ ತಜ್ಞರು ಬರೆದ ಕ್ಲೊನಜೆಪಾಮ್ ಎಂಬ ನಿದ್ದೆ-ಆತಂಕದ ಮಾತ್ರೆ ಒಂದು ಹೆಸರಿನಲ್ಲಿ, ಮನೋವೈದ್ಯರು ಬರೆದದ್ದು ಇನ್ನೊಂದು ಹೆಸರಿನಲ್ಲಿ, ಎರಡೂ ಒಂದೇ ರಾತ್ರಿ ಹೊಟ್ಟೆ ಸೇರುವುದನ್ನು ನಾನು ನೋಡಿದ್ದೇನೆ. ಇನ್ನೊಂದು ನಮ್ಮ ದೇಶದ ವಿಶೇಷ, ಜೋಡಿ ಮಾತ್ರೆಗಳು. ಖಿನ್ನತೆಗೆಂದು ಕೊಡುವ ಎಸಿಟಾಲೊಪ್ರಾಮ್ ಜೊತೆಗೇ ಕ್ಲೊನಜೆಪಾಮ್ ಬೆರೆತಿರುವ ಮಾತ್ರೆ ಅಂಗಡಿಯಲ್ಲಿ ಧಾರಾಳ ಸಿಗುತ್ತದೆ. ರಿಸ್ಪೆರಿಡೋನ್ ಜೊತೆ ಕೈಕಾಲಿನ ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆರೆತದ್ದೂ ಇದೆ. 'ಅಪ್ಪನಿಗೆ ನಿದ್ದೆ ಮಾತ್ರೆ ಕೊಡ್ತಿಲ್ಲ' ಎಂದು ಹೋಮ್‌ನವರು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ಅದು ಜೋಡಿಯೊಳಗೆ ಕೂತಿರುತ್ತದೆ.

ಹಾಳೆಯಲ್ಲಿ ಇವುಗಳಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆಯಿರಿ: ಮೇಲೆ ಹೇಳಿದ ಆಂಟಿಸೈಕೋಟಿಕ್‌ಗಳು, ಕ್ಲೊನಜೆಪಾಮ್, ಲೊರಾಜೆಪಾಮ್, ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಥರದ ನಿದ್ದೆ ಮತ್ತು ಆತಂಕದ ಮಾತ್ರೆಗಳು, ಖಿನ್ನತೆಯ ಮಾತ್ರೆಗಳು, ಫಿಟ್ಸ್ ಇಲ್ಲದಿದ್ದರೂ ಸಿಟ್ಟಿಗೆಂದು ಕೊಡುವ ವಾಲ್‌ಪ್ರೊಯೇಟ್. ಡಿಮೆನ್ಷಿಯಾದ ಸಿಟ್ಟಿಗೆ ವಾಲ್‌ಪ್ರೊಯೇಟ್ ಕೊಡಬಾರದು ಎಂದು ಬ್ರಿಟನ್ನಿನ 2018ರ ಮಾರ್ಗಸೂಚಿ ನೇರವಾಗಿಯೇ ಹೇಳಿದೆ.

ಇನ್ನು ಮಾರುವೇಷದವು. ನೆಗಡಿಗೆ ಕೊಟ್ಟ ಅವಿಲ್, ತುರಿಕೆಗೆ ಅಥವಾ 'ಸ್ವಲ್ಪ ಮಂಪರು ಬರಲಿ' ಎಂದು ಕೊಟ್ಟ ಫೆನರ್ಗನ್, ಕಾಲುನೋವಿಗೆ ಬರೆದ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಬರೆದ ಆಕ್ಸಿಬ್ಯುಟಿನಿನ್. ಇವೆಲ್ಲ ಮೆದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ತಡೆ ಹಾಕುತ್ತವೆ. ಮರೆವಿಗೆ ಕೊಡುವ ಡೊನೆಪೆಜಿಲ್ ಅದನ್ನೇ ಹೆಚ್ಚಿಸಲು ಹೆಣಗುತ್ತಿರುತ್ತದೆ. ಬೆಳಿಗ್ಗೆ ಒಂದು ಕೈಯಿಂದ ಕೊಟ್ಟದ್ದನ್ನು ರಾತ್ರಿ ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ.

ಎರಡನೇ ಹೆಜ್ಜೆ: 'ಗಲಾಟೆ' ಎಂಬ ಪದವನ್ನು ರಿಜಿಸ್ಟರಿನಿಂದ ಓಡಿಸಿ

ಗಲಾಟೆ, ಹಠ, ಹಿಂಸೆ, ನಿದ್ದೆ ಇಲ್ಲ. ಈ ನಾಲ್ಕು ಪದದಿಂದ ಯಾವ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಅದರಿಂದ ಹೊರಡುವುದು ಮಾತ್ರೆಯೊಂದೇ. ಒಂದು ವಾರ ಹೀಗೆ ಬರೆಯಿರಿ: ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೆ ಐದು ನಿಮಿಷ ಮುಂಚೆ ಏನು ನಡೆಯುತ್ತಿತ್ತು, ಅವರು ಏನು ಮಾಡಿದರು ಅಥವಾ ಏನು ಹೇಳಿದರು, ಯಾರಿದ್ದರು, ಹೇಗೆ ನಿಂತಿತು.

'ಬೆಳಿಗ್ಗೆ 8:10. ಬಾತ್‌ರೂಮ್. ಸ್ನಾನಕ್ಕೆ ಶರ್ಟ್ ಬಿಚ್ಚುವಾಗ ಎಡತೋಳು ಎತ್ತಿಸಿದೆವು. ಕೈಗೆ ಕಚ್ಚಲು ಬಂದರು. ತೋಳು ಬಿಟ್ಟ ಮೇಲೆ ಸುಮ್ಮನಾದರು.'

ಇದು ನಿಜವಾದ ನಮೂದು. ಮೂರು ದಿನ ಇದೇ ಬಂದಾಗ ಎಡಭುಜ ಮುಟ್ಟಿ ನೋಡಿದೆವು. ಸಕ್ಕರೆ ಕಾಯಿಲೆಯವರಿಗೆ ಆಗುವ ಹಾಗೆ ಭುಜ ಗಟ್ಟಿಯಾಗಿತ್ತು. ಆ ಯಜಮಾನರ ಚೀಟಿಯಲ್ಲಿ ಆರು ತಿಂಗಳಿಂದ 'ಸಿಟ್ಟಿಗೆ' ರಿಸ್ಪೆರಿಡೋನ್ ಇತ್ತು. ನೋವು ಬಾಯಲ್ಲಿ ಹೇಳಲಾರದವರು ಹಲ್ಲಿನಲ್ಲಿ ಹೇಳಿದ್ದರು. ತೆರೆದ ಮುಂಭಾಗದ ಜುಬ್ಬಾ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್, ಎಡತೋಳು ಕೊನೆಗೆ ಬಿಚ್ಚುವುದು, ಇಷ್ಟರಿಂದ ಕಚ್ಚುವುದು ನಿಂತಿತು.

ಮೂರನೇ ಹೆಜ್ಜೆ: ಮೊದಲು ಮೈ ನೋಡಿ

ನನ್ನ ಅನುಭವದಲ್ಲಿ ಇದೇ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ, ಅತಿ ಹೆಚ್ಚು ತಪ್ಪಿಹೋಗುವ ಹೆಜ್ಜೆಯೂ ಹೌದು.

ನೋವಿನಿಂದ ಶುರು ಮಾಡಿ. ನಾರ್ವೆಯ 18 ನರ್ಸಿಂಗ್ ಹೋಮ್‌ಗಳಲ್ಲಿ, ಡಿಮೆನ್ಷಿಯಾ ಜೊತೆಗೆ ಕೆರಳಾಟವಿದ್ದ 352 ಜನರ ಮೇಲೆ ನಡೆದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂಟು ವಾರ ಹಂತಹಂತವಾಗಿ ನೋವಿನ ಔಷಧಿ ಕೊಟ್ಟರು. ಹೆಚ್ಚಿನವರಿಗೆ ಬರೀ ಪ್ಯಾರಾಸಿಟಮಾಲೇ ಸಾಕಾಯಿತು. ಆ ಗುಂಪಿನಲ್ಲಿ ಕೆರಳಾಟ ಸುಮಾರು ನೂರಕ್ಕೆ 17ರಷ್ಟು ಇಳಿಯಿತು. ಮಾತಾಡದವರ ನೋವನ್ನು ಐದು ಕಡೆ ಹುಡುಕಬಹುದು: ಉಸಿರಾಟದ ಏರಿಳಿತ, ನರಳಾಟ, ಮುಖದ ಗಂಟು, ಮೈಯ ಬಿಗಿ, ಸಮಾಧಾನ ಮಾಡಿದರೂ ಆಗದಿರುವುದು. ಕೂತಾಗ ನೋಡಿದರೆ ಸಾಲದು. ಹಾಸಿಗೆಯಲ್ಲಿ ಹೊರಳಿಸುವಾಗ, ನಿಲ್ಲಿಸುವಾಗ ನೋಡಿ. ಬಾಯಿ ತೆಗೆಸಿ ಹಲ್ಲು, ವಸಡು ನೋಡಿ. ಕಟ್ಟಿದ ಹಲ್ಲಿನ ಸೆಟ್ಟಿನ ಅಡಿ ಹುಣ್ಣಾಗಿ ಊಟ ಉಗಿಯುವವರಿಗೆ 'ಊಟಕ್ಕೆ ಹಠ' ಎಂದು ಬರೆದದ್ದೂ ಉಂಟು.

ಎರಡನೆಯದು ಹೊಟ್ಟೆ. ಕಡೆಯ ಬಾರಿ ಮಲವಿಸರ್ಜನೆ ಯಾವತ್ತು ಎಂದು ಕೇಳಿ, 'ಆಗ್ತಿದೆ' ಎಂಬ ಉತ್ತರ ಒಪ್ಪಬೇಡಿ, ದಿನಾಂಕ ಕೇಳಿ. ಮೂತ್ರ ಕಟ್ಟಿಕೊಂಡ ಗಂಡಸರು ಪಂಚೆ ಕಿತ್ತೆಸೆಯುತ್ತಾರೆ. ಹೋಮ್‌ನವರಿಗೆ ಅದು ನಾಚಿಕೆಗೇಡಿನ ನಡತೆಯಾಗಿ ಕಾಣುತ್ತದೆ.

ಇಲ್ಲೊಂದು ಸುತ್ತು ಇದೆ, ಗಮನವಿಟ್ಟು ಓದಿ. ರಿಸ್ಪೆರಿಡೋನ್ ಕೊಟ್ಟಿರಿ, ಕೈಕಾಲು ಬಿಗಿಯಿತು, ನಡಿಗೆ ಚಿಕ್ಕದಾಯಿತು. ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ಸೇರಿತು. ಅದರಿಂದ ಬಾಯಿ ಒಣಗಿತು, ಮಲ ಕಟ್ಟಿತು, ಮೂತ್ರ ಕಟ್ಟಿತು, ಗೊಂದಲ ಹೆಚ್ಚಾಯಿತು. ಗೊಂದಲ ನೋಡಿ ರಿಸ್ಪೆರಿಡೋನ್ ಏರಿಸಿದಿರಿ. ಈ ಗಾಣದಲ್ಲಿ ವರ್ಷಗಟ್ಟಲೆ ತಿರುಗಿದವರಿದ್ದಾರೆ.

ಮೂರನೆಯದು ಸನ್ನಿ. ನಿನ್ನೆ ಮೊನ್ನೆಯವರೆಗೆ ತಮ್ಮ ಮಟ್ಟಿಗೆ ಸರಿಯಾಗಿದ್ದವರು ಒಂದೆರಡು ದಿನದೊಳಗೆ ಬೇರೆಯೇ ಮನುಷ್ಯರಾದರೆ, ಬೆಳಿಗ್ಗೆ ಮಂಕು ಸಂಜೆ ಕೆರಳು ಹೀಗೆ ಏರಿಳಿದರೆ, ಅದನ್ನು ಮರೆವಿನ ಕಾಯಿಲೆಯ ತಲೆಗೆ ಕಟ್ಟಬೇಡಿ. ಡಾಕ್ಟರು ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಎದೆಯ ಸೋಂಕು, ಮೂತ್ರದ ಸೋಂಕು, ಸೋಡಿಯಂ ಇಳಿತ, ಸಕ್ಕರೆ ಇಳಿತ, ನೀರು ಸಾಲದಿರುವುದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದೋ ಒಂದು ಸಾಮಾನ್ಯವಾಗಿ ಇರುತ್ತದೆ. ಅದೇ ದಿನ ಡಾಕ್ಟರನ್ನು ಕರೆಸಿ. ಖಿನ್ನತೆಯ ಕೆಲವು ಮಾತ್ರೆಗಳೇ ಸೋಡಿಯಂ ಇಳಿಸುತ್ತವೆ ಎಂಬುದು ನೆನಪಿರಲಿ. ಹಾಗೆಯೇ, ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದು ಕೂರಬೇಡಿ. ಜ್ವರ, ಉರಿ ಏನೂ ಇಲ್ಲದೆಯೂ ವಯಸ್ಸಾದವರ ಮೂತ್ರದಲ್ಲಿ ಅದು ಇರುತ್ತದೆ.

ಕಿವಿಯ ಗುಗ್ಗೆ, ಹಿಯರಿಂಗ್ ಏಡ್‌ನ ಬ್ಯಾಟರಿ, ಕನ್ನಡಕ. ಎರಡು ನಿಮಿಷದ ಕೆಲಸ, ಮಾಡಿಬಿಡಿ.

ನಾಲ್ಕನೇ ಹೆಜ್ಜೆ: ಹೊತ್ತು, ಜಾಗ, ಭಾಷೆ

ಹೊತ್ತಿನ ಕಥೆ ಅಜ್ಜಿಯಿಂದಲೇ ಗೊತ್ತಾಯಿತು. ರಾತ್ರಿ ಮಲಗುವ ಸಮಯ ಒಂಬತ್ತು ಒಂಬತ್ತೂವರೆಗೆ ಬಂದರೆ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಂತರೆ, ಬೆಳಿಗ್ಗೆ ಬಿಸಿಲಿನಲ್ಲಿ ಒಂದಿಷ್ಟು ಕೂರಿಸಿದರೆ, ನಾಲ್ಕು ಗಂಟೆಯ ನಂತರ ಕಾಫಿ ನಿಂತರೆ, ನಿದ್ದೆ ಮಾತ್ರೆಯ ಅರ್ಧ ಚೀಟಿಗಳು ಹರಿದುಹೋಗುತ್ತವೆ. ಡೊನೆಪೆಜಿಲ್ ರಾತ್ರಿ ಕೊಡುತ್ತಿದ್ದು ಕೆಟ್ಟ ಕನಸು ಬಿದ್ದು ಕಿರುಚುತ್ತಿದ್ದರೆ, ಅದನ್ನು ಬೆಳಿಗ್ಗೆಗೆ ಹಾಕಬಹುದೇ ಎಂದು ಡಾಕ್ಟರನ್ನು ಕೇಳಿ.

ಭಾಷೆಯ ವಿಷಯ ಬೆಂಗಳೂರಿನಲ್ಲಿ ದೊಡ್ಡದು. ಇಲ್ಲಿನ ಬಹಳಷ್ಟು ಹೋಮ್‌ಗಳಲ್ಲಿ ಆರೈಕೆಗೆ ನಿಲ್ಲುವ ಹುಡುಗ ಹುಡುಗಿಯರು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಕಷ್ಟಪಟ್ಟು ಕೆಲಸ ಮಾಡುವ ಮಕ್ಕಳು, ಅವರ ಮೇಲೆ ದೂರಿಲ್ಲ. ಆದರೆ ಮರೆವು ಹೆಚ್ಚಾದಂತೆ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ, ಚಿಕ್ಕಂದಿನ ಮಾತು ಉಳಿಯುತ್ತದೆ. ಬ್ಯಾಂಕಿನಲ್ಲಿ ನಲವತ್ತು ವರ್ಷ ಇಂಗ್ಲಿಷ್ ಆಡಿದ ಮಂಗಳೂರಿನ ಯಜಮಾನರಿಗೆ ಈಗ ತುಳು ಮಾತ್ರ ಉಳಿದಿದೆ. ಅವರು ನೀರು ಕೇಳುತ್ತಾರೆ, ಹುಡುಗ ಹಿಂದಿಯಲ್ಲಿ 'ಬೈಠೋ ಬೈಠೋ' ಎನ್ನುತ್ತಾನೆ. ಅವರು ಎದ್ದು ನಿಲ್ಲುತ್ತಾರೆ, ಅವನು ಭುಜ ಒತ್ತಿ ಕೂರಿಸುತ್ತಾನೆ. ಕೈ ಬೀಸುತ್ತಾರೆ. ರಿಜಿಸ್ಟರಿನಲ್ಲಿ 'ಹಿಂಸೆ' ಎಂದು ದಾಖಲಾಗುತ್ತದೆ.

ಮನೆಯವರು ಮಾಡಬಹುದಾದ್ದು ಇಷ್ಟು. ನೀರು, ನೋವು, ಮೂತ್ರ, ಹಸಿವು, ಚಳಿ, ಸಾಕು, ಅಮ್ಮ ಎಲ್ಲಿ, ಮನೆಗೆ ಹೋಗಬೇಕು, ಹೀಗೆ ಇಪ್ಪತ್ತು ಮಾತುಗಳನ್ನು ನಿಮ್ಮ ಮನೆಮಾತಿನಲ್ಲಿ ಬರೆದು, ಪಕ್ಕದಲ್ಲಿ ಆರೈಕೆಯವರಿಗೆ ಓದಲು ಬರುವ ಲಿಪಿಯಲ್ಲಿ ಉಚ್ಚಾರ ಬರೆದು ಮಂಚದ ತಲೆಯ ಕಡೆ ಅಂಟಿಸಿ. ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದೂ ಬರೆಯಿರಿ. ಮೇಷ್ಟ್ರೇ ಎಂದರೆ ತಿರುಗುವವರು 'ಅಂಕಲ್' ಎಂದರೆ ತಿರುಗುವುದಿಲ್ಲ.

ಐದನೇ ಹೆಜ್ಜೆ: ಮಾತ್ರೆ ಬೇಕೇ ಬೇಕು ಎನ್ನುವಾಗ

ಬೇಕಾಗುವ ಸಂದರ್ಭ ಇದೆ. ಅನ್ನದಲ್ಲಿ ವಿಷ ಹಾಕಿದ್ದಾರೆಂದು ಮೂರು ದಿನ ಉಪವಾಸ ಕೂತವರು, ಪಕ್ಕದ ಮಂಚದವರನ್ನು ಕಳ್ಳನೆಂದು ಹೊಡೆಯುವವರು, ಇಲ್ಲದ್ದು ಕಂಡು ನಡುಗುವವರು. ಅವರಿಗೋ ಸುತ್ತಲಿನವರಿಗೋ ಅಪಾಯವಿದ್ದರೆ, ಅಥವಾ ಅವರ ಸಂಕಟವೇ ತೀವ್ರವಾಗಿದ್ದರೆ, ಮೇಲಿನದೆಲ್ಲ ಮಾಡಿಯೂ ನಿಲ್ಲದಿದ್ದರೆ, ಮಾತ್ರೆ ಕೊಡದಿರುವುದೇ ಕ್ರೌರ್ಯ. ಇದನ್ನೂ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಅಂತರ್ಜಾಲದಲ್ಲಿ ಓದಿ ಹೆದರಿ ಯಾವ ಮಾತ್ರೆಯೂ ಬೇಡವೆನ್ನುವ ಮಕ್ಕಳೂ ನಮ್ಮಲ್ಲಿಗೆ ಬರುತ್ತಾರೆ.

ಆದರೆ ಅಲೆದಾಟ, ಕೇಳಿದ್ದೇ ಕೇಳುವುದು, ಸಾಮಾನು ಬಚ್ಚಿಡುವುದು, ಬಟ್ಟೆ ಬಿಚ್ಚುವುದು, ಸ್ನಾನಕ್ಕೆ ಒಲ್ಲೆ ಎನ್ನುವುದು ಇವುಗಳಿಗೆ ಆಂಟಿಸೈಕೋಟಿಕ್ ಕೆಲಸ ಮಾಡುವುದಿಲ್ಲ. ಅಲೆದಾಟ ನಿಂತಂತೆ ಕಂಡರೆ ಕಾಲೇ ಏಳುತ್ತಿಲ್ಲ ಎಂದರ್ಥ.

ಡಾಕ್ಟರನ್ನು ಹೀಗೆ ಕೇಳಿ, ಸಂಕೋಚ ಬೇಡ: 'ಡಾಕ್ಟ್ರೇ, ಇದು ಯಾವ ತೊಂದರೆಗೆ? ಅದು ಕಡಿಮೆ ಆಯ್ತು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಏನು ಅಡ್ಡಪರಿಣಾಮ ನೋಡ್ಕೋಬೇಕು? ಮತ್ತೆ ಯಾವತ್ತು ನೋಡ್ತೀರಿ?' ಕೊನೆಯ ಉತ್ತರ ದಿನಾಂಕವಾಗಿರಬೇಕು. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಕನಿಷ್ಠ ಆರು ವಾರಕ್ಕೊಮ್ಮೆ ಮರುಪರಿಶೀಲನೆ. ರಿಸ್ಪೆರಿಡೋನ್‌ಗೆ ಅಲ್ಲಿ ಪರವಾನಗಿ ಇರುವುದೂ ಆಲ್‌ಜೈಮರ್ ಕಾಯಿಲೆಯ ಬಿಡದ ಹಿಂಸಾಚಾರಕ್ಕೆ, ಅದೂ ಆರು ವಾರದವರೆಗೆ. ಪ್ರಾರಂಭದ ಡೋಸ್ 0.25 ಮಿ.ಗ್ರಾಂ., ಅಂದರೆ ನಮ್ಮಲ್ಲಿ ಸುಲಭವಾಗಿ ಸಿಗುವ 1 ಮಿ.ಗ್ರಾಂ. ಮಾತ್ರೆಯ ಕಾಲು ಭಾಗ.

ಪಾರ್ಕಿನ್‌ಸನ್ ಇರುವವರಿಗೆ, ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗೆ ಈ ಎಚ್ಚರಿಕೆ ಹತ್ತುಪಟ್ಟು. ಮಕ್ಕಳು, ಪ್ರಾಣಿಗಳು ಕಾಣಿಸುತ್ತವೆ ಎನ್ನುವುದು, ದಿನದಿಂದ ದಿನಕ್ಕೆ ತೀರಾ ಏರಿಳಿತ, ನಡಿಗೆ ಬಿಗಿ, ನಿದ್ದೆಯಲ್ಲಿ ಒದೆಯುವುದು ಇವೆಲ್ಲ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇಂಥವರಿಗೆ ಒಂದು ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಜೀವಕ್ಕೇ ಕುತ್ತಾಗಬಹುದು. ಫೈಲಿನ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರೆಸಿಡಿ.

'ಎಸ್‌ಒಎಸ್' ಎಂದು ಬರೆದ ಮಾತ್ರೆಗಳ ಮೇಲೆ ಕಣ್ಣಿಡಿ. ಬೇಕಾದಾಗ ಎಂದರೆ ಯಾರಿಗೆ ಬೇಕಾದಾಗ? ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಆಂಟಿಸೈಕೋಟಿಕ್‌ನ ಎಸ್‌ಒಎಸ್ ಆದೇಶ 14 ದಿನಕ್ಕೆ ಸತ್ತುಹೋಗುತ್ತದೆ. ಡಾಕ್ಟರು ಬಂದು ರೋಗಿಯನ್ನು ನೋಡಿಯೇ ಹೊಸದಾಗಿ ಬರೆಯಬೇಕು. ನಮ್ಮ ಹೋಮ್‌ಗಳಲ್ಲಿ ಆ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮನೆಯವರೇ.

ಮೊಸರನ್ನದಲ್ಲಿ ಅರೆದು ಕೊಡುವುದು ಎಲ್ಲರೂ ಮಾಡುವ, ಯಾರೂ ಹೇಳದ ಕೆಲಸ. ಡಾಕ್ಟರಿಗೂ ಮನೆಯವರಿಗೂ ತಿಳಿಸಿ, ಬರೆದಿಟ್ಟು ಮಾಡಿ. ಎಸ್‌ಆರ್, ಎಕ್ಸ್‌ಆರ್ ಎಂದು ಬರೆದ ಮಾತ್ರೆಗಳನ್ನು ಅರೆಯಲೇಬಾರದು. ಇಡೀ ದಿನಕ್ಕೆ ಬಿಡುಗಡೆಯಾಗಬೇಕಾದ್ದು ಒಂದೇ ಗುಟುಕಿಗೆ ಇಳಿಯುತ್ತದೆ.

ಆರನೇ ಹೆಜ್ಜೆ: ಶುರುವಾದ ಮೇಲೆ ಏನು ನೋಡಬೇಕು

ಮೊದಲ ಎರಡು ವಾರ ದಿನಾ ನೋಡಿ. ಹಗಲು ತೂಕಡಿಕೆ. ಕೂತಾಗಿನ ಬಿಪಿ, ನಿಂತ ಮೇಲಿನ ಬಿಪಿ: ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ಬೀಳುವ ಅಪಾಯ. ಹೆಜ್ಜೆ ಎಳೆಯುವುದು, ಜೊಲ್ಲು, ಕೈ ನಡುಕ. ನುಂಗುವಾಗ ಕೆಮ್ಮು, ಇದನ್ನು ಕಡೆಗಣಿಸಬೇಡಿ, ಅನ್ನ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಶುರು ಮಾಡುವ ಮುಂಚೆ ಒಂದು ಇಸಿಜಿ, ಆಮೇಲೆ ಆಗಾಗ ತೂಕ ಮತ್ತು ಸಕ್ಕರೆ.

ಮೈ ಕಟ್ಟಿಗೆಯಂತೆ ಸೆಟೆದು ಜೋರು ಜ್ವರ ಬಂದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಕೈ ಬಲ ಹೋದರೆ, ಎಬ್ಬಿಸಿದರೂ ಏಳದಿದ್ದರೆ ಮುಂದಿನ ಡೋಸ್ ಕೊಡಬೇಡಿ, 108ಕ್ಕೆ ಫೋನ್ ಮಾಡಿ.

ಏಳನೇ ಹೆಜ್ಜೆ: ಇಳಿಸುವುದು

ಇಳಿಸುವ ಮಾತೆತ್ತಿದರೆ ಎಲ್ಲರಿಗೂ ಭಯ. 'ಈಗ ಶಾಂತವಾಗಿದ್ದಾರಲ್ಲ, ಯಾಕೆ ಕೆದಕೋದು?' ಎನ್ನುತ್ತಾರೆ. ಡಿಮೆನ್ಷಿಯಾದ ಕೆರಳಾಟ ಎಷ್ಟೋ ಜನರಲ್ಲಿ ತಾನಾಗಿಯೇ ಇಳಿಯುತ್ತದೆ, ಆಮೇಲೂ ಉಳಿಯುವುದು ಮಾತ್ರೆ. ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿ ಹೇಳುವುದು: ನಾಲ್ಕು ವಾರದಲ್ಲಿ ಉಪಯೋಗ ಕಾಣದಿದ್ದರೆ ಇಳಿಸಿ ನಿಲ್ಲಿಸಿ, ಉಪಯೋಗ ಕಂಡಿದ್ದರೂ ನಾಲ್ಕು ತಿಂಗಳೊಳಗೆ ಇಳಿಸಿ ನೋಡಿ. ಕೆನಡಾದವರ 2018ರ ಪಟ್ಟಿಯ ಪ್ರಕಾರ ಒಂದೆರಡು ವಾರಕ್ಕೊಮ್ಮೆ ಡೋಸಿನ ಕಾಲು ಭಾಗದಿಂದ ಅರ್ಧದವರೆಗೆ ಕಡಿಮೆ ಮಾಡುತ್ತ ಹೋಗಬಹುದು. ಸ್ಕಿಜೋಫ್ರೀನಿಯಾ, ಬೈಪೋಲಾರ್ ಎಂದು ದಶಕಗಳಿಂದ ಮಾತ್ರೆಯಲ್ಲಿರುವವರ ವಿಷಯ ಬೇರೆ. ಅವರನ್ನು ಈ ಲೆಕ್ಕಕ್ಕೆ ತರಬೇಡಿ.

ನಾನು ಕಲಿತ ಮೂರು ಮಾತು. ಒಂದು ಸಲಕ್ಕೆ ಒಂದೇ ಮಾತ್ರೆ ಮುಟ್ಟಿ, ಇಲ್ಲದಿದ್ದರೆ ಏನಾದರೂ ಆದಾಗ ಕಾರಣ ತಿಳಿಯುವುದಿಲ್ಲ. ಹಬ್ಬದ ವಾರ, ರೂಮು ಬದಲಿಸಿದ ವಾರ, ಪರಿಚಯದ ಆಯಾ ರಜೆ ಹೋದ ವಾರ ಇಳಿಸಬೇಡಿ. ಇಳಿಸಿದ ದಿನವನ್ನು ಎಲ್ಲ ಶಿಫ್ಟಿಗೂ ಹೇಳಿ, ಆದರೆ ಒಂದು ಕೆಟ್ಟ ರಾತ್ರಿಗೆ ಹೆದರಿ ವಾಪಸ್ ಏರಿಸಬೇಡಿ. ಹಳೆಯ ತೊಂದರೆ ಒಂದೆರಡು ವಾರ ಸತತ ಮರುಕಳಿಸಿದರೆ ಮಾತ್ರ ಹಿಂದಿನ ಡೋಸಿಗೆ ಹೋಗುವ ಮಾತು.

ಕ್ಲೊನಜೆಪಾಮ್, ಆಲ್‌ಪ್ರಜೋಲಾಮ್ ಗುಂಪಿಗೆ ಇನ್ನೂ ನಿಧಾನ ಬೇಕು. ಎರಡು ವಾರಕ್ಕೆ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಭಾಗ, ಕೊನೆಗೆ ಇನ್ನೂ ಸಣ್ಣದು. ವರ್ಷಗಟ್ಟಲೆ ತಿಂದವರಿಗೆ ತಿಂಗಳುಗಳೇ ಹಿಡಿಯುತ್ತವೆ.

ಅಜ್ಜಿಯದು 50ರಿಂದ 25ಕ್ಕೆ, ಎರಡು ವಾರದ ಮೇಲೆ ಅರ್ಧ ಮಾತ್ರೆಗೆ, ಇನ್ನೆರಡು ವಾರದ ಮೇಲೆ ಶೂನ್ಯಕ್ಕೆ ಬಂತು. ನಡುವೆ ಎರಡು ರಾತ್ರಿ ನಿದ್ದೆಗೆಟ್ಟರು. ಊಟದ ಹೊತ್ತು ಎಂಟಕ್ಕೆ ಸರಿದಿತ್ತು. ಈಗ ಅವರು ಏಳುವುದು ಐದರ ಸುಮಾರಿಗೆ. ನೈಟ್ ಡ್ಯೂಟಿಯವರು ಬಾಗಿಲು ತೆಗೆದು ಒಂದು ಚೊಂಬು ನೀರು ಕೊಡುತ್ತಾರೆ. ರಂಗೋಲಿ ಡಬ್ಬಿ ಹಿಡಿದು ಕೂತು ಎರಡು ಎಳೆ ಎಳೆಯುತ್ತಾರೆ, ಮೂರನೆಯದು ನೆನಪಾಗುವುದಿಲ್ಲ, ಕಾಫಿ ಬರುತ್ತದೆ.

ಎಂಟನೇ ಹೆಜ್ಜೆ: ಹೋಮ್‌ನವರೊಡನೆ ಮಾತು

ಜಗಳಕ್ಕೆ ಹೋಗಬೇಡಿ. ರಾತ್ರಿ ಹದಿನೈದು ಜನರಿಗೆ ಒಬ್ಬ ಆರೈಕೆಯವನಿದ್ದರೆ ಮಾತ್ರೆಯೇ ಎರಡನೇ ಆರೈಕೆಯವನಾಗುತ್ತದೆ. ಇದು ಗುಟ್ಟೇನಲ್ಲ, ಒಪ್ಪಿಕೊಳ್ಳುವವರು ಕಡಿಮೆ ಅಷ್ಟೆ. ಹಾಗಾಗಿ ಸೇರಿಸುವ ಮುಂಚೆಯೇ ಕೇಳಿ: ರಾತ್ರಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ? ಊಟ ಎಷ್ಟು ಹೊತ್ತಿಗೆ? ಹೊಸ ಮಾತ್ರೆ ಶುರು ಮಾಡುವ ಮುಂಚೆ ನಮಗೆ ಫೋನ್ ಮಾಡುತ್ತೀರಾ? ಚೀಟಿಯ ನಕಲು ಕೊಡುತ್ತೀರಾ? ಕೊನೆಯ ಎರಡನ್ನು ಒಪ್ಪಂದದ ಪತ್ರದಲ್ಲೇ ಬರೆಸಿಕೊಳ್ಳಿ.

ಆಲ್‌ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವು 2014ರಿಂದ ಶೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿವೆ. ಅಂಗಡಿಯವರು ಚೀಟಿ ನೋಡಿ, ಬೇರೆಯೇ ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ಅಂದಮೇಲೆ ಹೋಮ್‌ನಲ್ಲಿ ಮಾತ್ರೆ ಇದ್ದರೆ ಚೀಟಿಯೂ ಇರಲೇಬೇಕು, ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಎರಡನೇ ಅಭಿಪ್ರಾಯ ಬೇಕೆನಿಸಿದರೆ ಹಿರಿಯರ ಮನೋವೈದ್ಯ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಹೋಗಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯ ನಾಗರಿಕರ ಸಹಾಯವಾಣಿ 14567. ಎರಡರಲ್ಲೂ ಕನ್ನಡದಲ್ಲಿ ಮಾತಾಡಬಹುದು.

ಆಸ್ಪತ್ರೆಗೆ ಹೋಗಿ ಬಂದಾಗ

ಇದಕ್ಕೆ ಹೆಜ್ಜೆಯ ನಂಬರ್ ಕೊಟ್ಟಿಲ್ಲ, ಏಕೆಂದರೆ ಇದು ಯಾವಾಗ ಬೇಕಾದರೂ ಬರುತ್ತದೆ. ತೊಡೆ ಮೂಳೆ ಮುರಿದು ಆಪರೇಷನ್ ಆಗುತ್ತದೆ, ಐಸಿಯುನಲ್ಲಿ ಸನ್ನಿ ಹಿಡಿಯುತ್ತದೆ, ಡ್ರಿಪ್ ಕಿತ್ತುಕೊಳ್ಳುತ್ತಾರೆಂದು ಓಲಾಂಜಪಿನ್ ಶುರುವಾಗುತ್ತದೆ. ಹತ್ತು ದಿನಕ್ಕೆ ಸನ್ನಿ ಬಿಡುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಓಲಾಂಜಪಿನ್ 5, 0-0-1, 'ಮುಂದುವರಿಸಿ' ಎಂದಿರುತ್ತದೆ. ಹೋಮ್‌ನ ಡಾಕ್ಟರು ದೊಡ್ಡಾಸ್ಪತ್ರೆಯವರು ಬರೆದದ್ದೆಂದು ಮುಟ್ಟುವುದಿಲ್ಲ, ದೊಡ್ಡಾಸ್ಪತ್ರೆಯವರು ಹೋಮ್‌ನವರು ನಿಲ್ಲಿಸುತ್ತಾರೆಂದುಕೊಂಡಿರುತ್ತಾರೆ. ಎರಡು ವರ್ಷದ ನಂತರ ಆ ಮಾತ್ರೆ ಅಲ್ಲೇ ಇರುತ್ತದೆ.

ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನ ಓಡಾಟದಲ್ಲಿ ಇದನ್ನು ಕೇಳಲು ನೆನಪಾಗುವುದಿಲ್ಲ. ಹಿಂದಿನ ಸಂಜೆಯೇ ವಾರ್ಡಿನ ಡಾಕ್ಟರ ಮುಂದೆ ನಿಮ್ಮ ಹಳೆಯ ಹಾಳೆ ಹಿಡಿದು ಕೇಳಿ: 'ಇವು ನಾವು ತಂದದ್ದು, ಇವು ನೀವು ಸೇರಿಸಿದ್ದು. ಸೇರಿಸಿದ್ದರಲ್ಲಿ ಆಸ್ಪತ್ರೆಗೆ ಮಾತ್ರ ಯಾವುದು? ಅದು ಯಾವತ್ತು ನಿಲ್ಲಬೇಕು?' ಹೇಳಿದ ದಿನಾಂಕವನ್ನು ಸಮ್ಮರಿಯ ಮೇಲೇ ಅವರ ಕೈಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಹೋಮ್‌ಗೆ ಬಂದ ಮೇಲೆ ಅದನ್ನು ಆರನೇ ಕಾಲಂಗೆ ಇಳಿಸಿ.